ಬಂಬಾರಾ ಕಾಳಿನ ಪ್ರೋಟೀನ್ ಪುಡಿ ತಿಂದರೆ ಬಿಪಿ ಇಳಿಯುತ್ತದೆಯೇ?

ಬಂಬಾರಾ ಆಫ್ರಿಕಾದ ಒಂದು ಕಾಳು. ಬಿಪಿ ಇಳಿಯುತ್ತದೆಂದು ನಂಬಿ ಇದರ ಪುಡಿ ಕೊಳ್ಳಬೇಡಿ. ಈ ಪ್ರೋಟೀನನ್ನು ಒಡೆದಾಗ ಸಿಗುವ ಪೆಪ್ಟೈಡ್‌ಗಳೆಂಬ ಚಿಕ್ಕ ತುಣುಕುಗಳು ರಕ್ತದೊತ್ತಡ ಏರಿಸುವ ಒಂದು ಕಿಣ್ವವನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ, ನಿಜ. ಗಾಜಿನ ಕೊಳವೆಯಲ್ಲಿ ಕಂಡದ್ದೆಲ್ಲ ಮೈಯಲ್ಲೂ ನಡೆಯಬೇಕೆಂದಿಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ.

ಆದರೆ ಊಟದ ಕಾಳಾಗಿ ಇದರ ಮೇಲೆ ನನಗೆ ಬಹಳ ಗೌರವ. ನೈಜೀರಿಯಾದ ಎನುಗುವಿನಲ್ಲಿ ಕೆಲಸಕ್ಕಿದ್ದ ಮೂರು ವರ್ಷ ನನ್ನ ಬೆಳಗಿನ ತಿಂಡಿ ಹೆಚ್ಚಾಗಿ ಒಕ್ಪಾ. ಬಂಬಾರಾ ಹಿಟ್ಟಿಗೆ ಬೆಚ್ಚಗಿನ ನೀರು, ಕೆಂಪು ತಾಳೆ ಎಣ್ಣೆ, ಮೆಣಸಿನಕಾಯಿ, ಉಪ್ಪು ಹಾಕಿ ಚೆನ್ನಾಗಿ ಕಲಸಿ, ಬಾಳೆಲೆಯಲ್ಲಿ ಕಟ್ಟಿ ಬೇಯಿಸುತ್ತಾರೆ. ನೀರಾಗಿದ್ದ ಹಿಟ್ಟು ಬೆಂದ ಮೇಲೆ ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಮೊಟ್ಟೆ ಇಲ್ಲ, ಹುದುಗು ಬರಿಸುವುದೂ ಇಲ್ಲ. ಕಾಳಿನ ಪಿಷ್ಟವೂ ವಿಸಿಲಿನ್ ಎಂಬ ಪ್ರೋಟೀನೂ ಸೇರಿ ನೀರನ್ನು ಹಿಡಿದಿಡುತ್ತವೆ. ಎಣ್ಣೆ-ನೀರನ್ನು ಬೆರೆಸಿ ನಿಲ್ಲಿಸುವ ಗುಣವೂ ಈ ಪ್ರೋಟೀನಿಗಿರುವುದರಿಂದ ಸಸ್ಯಜನ್ಯ ಹಾಲು, ಬ್ರೆಡ್ಡು, ಮಕ್ಕಳ ಗಂಜಿಗಳಲ್ಲಿ ಇದನ್ನು ಬಳಸಲು ಪ್ರಯತ್ನಗಳು ನಡೆದಿವೆ. ಅಂದಹಾಗೆ, ಇದು ನಮ್ಮ ಉದ್ದು, ಹೆಸರು, ಅಲಸಂದೆಗಳ ಕುಲದ್ದೇ.

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬಂಬಾರಾ ಜನರಿಂದ ಬಂದ ಹೆಸರಿದು. ಶೇಂಗಾದಂತೆಯೇ ಇದರ ಕಾಯಿ ಮಣ್ಣಿನೊಳಗೆ ಕಟ್ಟುತ್ತದೆ. ದಕ್ಷಿಣ ಅಮೆರಿಕದಿಂದ ಶೇಂಗಾ ಆಫ್ರಿಕಾಕ್ಕೆ ಬಂದಾಗ ವ್ಯಾಪಾರಿಗಳ ಕಣ್ಣು ಎಣ್ಣೆಯ ಮೇಲೆ ಬಿತ್ತು. ಶೇಂಗಾಬೀಜದಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆ, ಬಂಬಾರಾದಲ್ಲಿ ಶೇ. 6-7 ಮಾತ್ರ. ಹೀಗೆ ಇದು ಹಿಂದೆ ಸರಿದು, ಹೆಚ್ಚಾಗಿ ಹೆಂಗಸರು ಮನೆಯ ಊಟಕ್ಕೆಂದು ಬೆಳೆಯುವ ಬೆಳೆಯಾಗಿ ಉಳಿಯಿತು. ಮಳೆ ಕೈಕೊಟ್ಟ ಮರಳು ನೆಲದಲ್ಲೂ ಕಾಯಿ ಕೊಡುವ ಗಿಡವನ್ನು ಹೀಗೆ ಕಡೆಗಣಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ.

100 ಗ್ರಾಂ ಒಣಕಾಳಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಲೈಸಿನ್ ಅದರಲ್ಲಿ ಚೆನ್ನಾಗಿದೆ, ಮಿಥಿಯೋನಿನ್ ಕಡಿಮೆ. ಮೆಕ್ಕೆಜೋಳ, ಸಜ್ಜೆಯಂಥ ಧಾನ್ಯಗಳಲ್ಲಿ ಲೈಸಿನ್ನೇ ಕಡಿಮೆ. ಆದ್ದರಿಂದ ಎರಡನ್ನೂ ಕೂಡಿಸಿ ಉಣ್ಣಬೇಕು, ನಮ್ಮಲ್ಲಿ ರಾಗಿಮುದ್ದೆಗೆ ಕಾಳಿನ ಸಾರು ಬಡಿಸುವ ಹಾಗೆ.

ನೀವಿರುವ ಊರಿನಲ್ಲಿ ಆಫ್ರಿಕನ್ ದಿನಸಿ ಅಂಗಡಿಯಿದ್ದರೆ ಪುಡಿಯ ಬದಲು ಇಡೀ ಕಾಳನ್ನೇ ತನ್ನಿ. ಕಪ್ಪು, ಕೆಂಪು ಕಾಳುಗಳ ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚು. ಕೆನೆಬಣ್ಣದ್ದು ಸಿಕ್ಕರೆ ಒಳ್ಳೆಯದು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಬೇಯಿಸಿ. ಬಹಳ ಗಟ್ಟಿ ಕಾಳು, ಬೇಯಲು ಹೊತ್ತು ಹಿಡಿಯುತ್ತದೆ.