ಆಪ್ತಸಲಹೆ ಪ್ರಕರಣ: ಆಲೆಮನೆಯ ಎರಡು ವರ್ಷ

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಕೊಠಡಿಗೆ 2022ರಲ್ಲಿ ಬಂದ ಆ ಯುವಕ ಮುಧೋಳ ತಾಲ್ಲೂಕಿನ ಘಟಪ್ರಭಾ ದಂಡೆಯವರು. ವಯಸ್ಸು 24, ಬಿ.ಎಸ್ಸಿ. ರಸಾಯನಶಾಸ್ತ್ರ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಸಕ್ಕರೆ ಕಾರ್ಖಾನೆಗಳ ಪ್ರಯೋಗಾಲಯದ ಕೆಲಸಕ್ಕಾಗಿ ಮೂರು ಸಂದರ್ಶನಗಳಿಗೆ ಹೋಗಿ, ಮೂರು ಕಡೆಯಿಂದಲೂ ಬರಿಗೈಯಲ್ಲಿ ಬಂದಿದ್ದರು. "ನನಗೆ ಇಂಗ್ಲಿಷ್ ಬರುವುದಿಲ್ಲ ಮೇಡಂ, ಅದಕ್ಕೇ ಹೀಗಾಗುತ್ತಿದೆ" ಎಂದರು.

ಮಾತನಾಡಿಸಿ ನೋಡೋಣವೆಂದು ನಾನೇ ಸಂದರ್ಶಕಿಯಾಗಿ ಕುಳಿತೆ. ಉರು ಹೊಡೆದ ಸ್ವಪರಿಚಯ ತಡೆಯಿಲ್ಲದೆ ಬಂತು. "2019ರಲ್ಲಿ ಪದವಿ ಮುಗಿದಿದೆ. ಆಮೇಲೆ ಎರಡು ವರ್ಷ ಏನು ಮಾಡಿದಿರಿ?" ಎಂದು ಕೇಳಿದೊಡನೆ ದನಿ ಇಳಿಯಿತು.

"ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ."

"ಯಾವ ಪರೀಕ್ಷೆ? ಎಷ್ಟು ಸಲ ಬರೆದಿರಿ?"

ಉತ್ತರವಿಲ್ಲ. ಮೂರು ಕಡೆಯೂ ಅವರು ಎಡವಿದ್ದು ಇಲ್ಲಿಯೇ.

ನಿಜ ಸಂಗತಿ ಹೊರಬರಲು ಎರಡನೆಯ ಭೇಟಿ ಬೇಕಾಯಿತು. 2019ರ ಆಗಸ್ಟ್ ಪ್ರವಾಹದಲ್ಲಿ ಅವರ ಮನೆಯ ಎರಡು ಗೋಡೆಗಳು ಬಿದ್ದಿದ್ದವು, ಹೊಲದಲ್ಲಿ ನಿಂತಿದ್ದ ಕಬ್ಬು ಕೊಳೆತಿತ್ತು. ಅವರು ಮಹಾಲಿಂಗಪುರದ ಕಡೆ ಆಲೆಮನೆಯೊಂದಕ್ಕೆ ಕೂಲಿಗೆ ಸೇರಿದರು. ಮರುವರ್ಷ ಲಾಕ್‌ಡೌನ್ ಬಂತು, ಅಲ್ಲಿಯೇ ಉಳಿದರು. "ಪದವಿ ಓದಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತೆ ಎಂದು ಯಾವ ಬಾಯಿಂದ ಹೇಳಲಿ ಮೇಡಂ?" ಎಂದು ತಲೆ ತಗ್ಗಿಸಿದರು. ನನಗೆ ತುಂಬ ಸಂಕಟವಾಯಿತು. ಬಿದ್ದ ಮನೆಯನ್ನು ಎತ್ತಿ ನಿಲ್ಲಿಸಿದ ದುಡಿಮೆಗೆ ನಾಚಿಕೊಳ್ಳಬೇಕೆಂದು ಈ ಹುಡುಗನಿಗೆ ಹೇಳಿಕೊಟ್ಟವರು ಯಾರೋ!

ಕೊಪ್ಪರಿಗೆಯ ಮುಂದೆ ದಿನವಿಡೀ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತ ಹೋದೆ. ರಸಕ್ಕೆ ಸುಣ್ಣದ ನೀರು ಹಾಕುತ್ತಿದ್ದರು. ಅದು ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಕಡಿದು ಮೂರು ದಿನ ಬಿಟ್ಟ ಕಬ್ಬು ಬಂದರೆ ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ. "ಏಕೆ? ನಾನು ರಸಾಯನಶಾಸ್ತ್ರ ಓದಿದವಳಲ್ಲ, ನನಗೆ ತಿಳಿಯುವಂತೆ ಹೇಳಿ" ಎಂದೆ. ಕುರ್ಚಿಯ ಅಂಚಿಗೆ ಸರಿದು ಕುಳಿತು ಹೇಳತೊಡಗಿದರು: ಕಬ್ಬಿನ ರಸ ಸಹಜವಾಗಿಯೇ ಆಮ್ಲೀಯ. ಆಮ್ಲಕ್ಕೆ ಶಾಖವೂ ಸೇರಿದರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇವು ಹೆಚ್ಚಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ಕಡಿದು ಬಿಟ್ಟ ಕಬ್ಬಿನಲ್ಲಿ ಸುಕ್ರೋಸ್ ಮೊದಲೇ ಒಡೆಯತೊಡಗಿರುತ್ತದೆ. ಸುಣ್ಣ ಆಮ್ಲವನ್ನು ತಗ್ಗಿಸಿ, ಕಶ್ಮಲವನ್ನೂ ಬೇರ್ಪಡಿಸುತ್ತದೆ. ಕಾರ್ಖಾನೆಯಲ್ಲಿ ರಸವನ್ನು ತಿಳಿಗೊಳಿಸುವಾಗಲೂ ಸುಣ್ಣವನ್ನೇ ಹಾಕುತ್ತಾರೆ. ಹತ್ತು ನಿಮಿಷ ಒಮ್ಮೆಯೂ ತಡವರಿಸಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಒಂದೇ: ಆ ಎರಡು ವರ್ಷಗಳ ಬಗ್ಗೆ ಸುಳ್ಳು ಬೇಡ, ಗೋಳೂ ಬೇಡ. ಪ್ರವಾಹ, ಮನೆ, ಕೂಲಿ ಇಷ್ಟನ್ನೂ ಎರಡು ವಾಕ್ಯಗಳಲ್ಲಿ ಮುಗಿಸಿ, ಮೂರನೆಯ ವಾಕ್ಯದಲ್ಲಿ ಸುಣ್ಣ ಮತ್ತು ರಸದ ಮಾತಿಗೆ ಬನ್ನಿ. ಕೇಳುವವರಿಗೆ ಮರುಕ ಬರಬಹುದು, ಆದರೆ ಮರುಕದಿಂದ ಯಾರೂ ಕೆಲಸ ಕೊಡುವುದಿಲ್ಲ. ಇದನ್ನು ಮೊಬೈಲಿನಲ್ಲಿ ದನಿಮುದ್ರಿಸಿಕೊಂಡು ಕೇಳಿಸಿಕೊಳ್ಳಲು ಹೇಳಿದೆ. ಮೊದಲ ಸಲ ನಾಲ್ಕು ನಿಮಿಷವಾಯಿತು, ವಾರದ ಕೊನೆಗೆ ಒಂದು ನಿಮಿಷಕ್ಕೆ ಬಂತು.

ಇಂಗ್ಲಿಷ್ ಬಗ್ಗೆ ಹೆಚ್ಚು ಚರ್ಚಿಸಲಿಲ್ಲ. "ಕನ್ನಡದಲ್ಲಿ ಉತ್ತರಿಸಬಹುದೇ ಸರ್?" ಎಂದು ಆರಂಭದಲ್ಲಿಯೇ ಕೇಳಿಬಿಡಿ ಎಂದೆ. ಆದರೆ ಪ್ರಯೋಗಾಲಯದ ಲೆಕ್ಕಗಳು ನಾಲಿಗೆಯ ತುದಿಯಲ್ಲಿರಲಿ: ಬ್ರಿಕ್ಸ್ ಎಂದರೆ ರಸದಲ್ಲಿ ಕರಗಿದ ಘನಾಂಶ, ಪೋಲ್ ಎಂದರೆ ಪೋಲಾರಿಮೀಟರ್ ತೋರಿಸುವ ಸಕ್ಕರೆ ಅಂಶ, ಬ್ರಿಕ್ಸ್ 20, ಪೋಲ್ 17 ಇದ್ದರೆ ಶುದ್ಧತೆ, ಅಂದರೆ ಕರಗಿದ ಘನಾಂಶದಲ್ಲಿ ಸಕ್ಕರೆಯ ಪಾಲು, ಶೇ 85. ಗೊತ್ತಿಲ್ಲದ್ದನ್ನು ಕೇಳಿದರೆ ಎಷ್ಟರ ಮಟ್ಟಿಗೆ ಗೊತ್ತು ಎಂಬುದನ್ನು ಹೇಳಿ ನಿಲ್ಲಿಸಿ. ಅಂಕಪಟ್ಟಿಯ ಎರಡು ಜೊತೆ ನಕಲು, ಮುಂಜಾನೆಯ ಮೊದಲ ಬಸ್ಸು, ಇವೆಲ್ಲ ಅವರಿಗೇ ಗೊತ್ತಿದ್ದವು.

ನಾಲ್ಕನೆಯ ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತು. ಇವರು ಆಲೆಮನೆಯ ಹೆಸರೆತ್ತಿದೊಡನೆ ಹಿರಿಯ ಕೆಮಿಸ್ಟ್ ಫೈಲು ಮುಚ್ಚಿ ಸುಣ್ಣದ ವಿಷಯಕ್ಕೇ ಇಳಿದರಂತೆ. ಪೋಲಾರಿಮೀಟರ್ ಬಳಸಿದ್ದೀರಾ ಎಂದಾಗ "ಕಾಲೇಜಿನಲ್ಲಿ ಎರಡೇ ಸಲ ಸರ್. ತತ್ತ್ವ ಗೊತ್ತು, ಕೈ ಪಳಗಿಲ್ಲ" ಎಂದರಂತೆ. ಕಬ್ಬು ನುರಿಸುವ ಹಂಗಾಮಿಗೆ ಪಾಳಿಯ ಪ್ರಯೋಗಾಲಯ ಸಹಾಯಕರಾಗಿ ಆಯ್ಕೆಯಾದರು.

ಕೆಲಸ ಹಂಗಾಮಿನದು, ಕಾಯಂ ಅಲ್ಲ. ಕಾರ್ಖಾನೆ ನಿಂತ ಮೇಲೆ ಏನು ಎಂಬ ಚಿಂತೆ ಅವರಿಗೂ ಇದೆ, ನನಗೂ ಇದೆ. ಯುಗಾದಿ ಕಳೆದ ಮೇಲೆ ಮತ್ತೆ ಬರಲು ಹೇಳಿದ್ದೇನೆ. ಬರುವಾಗ ಈ ಹಂಗಾಮಿನಲ್ಲಿ ತಾವೇ ಕೈಯಾರೆ ಮಾಡಿದ ಪರೀಕ್ಷೆಗಳ ಪಟ್ಟಿಯನ್ನು ಬರೆದು ತರುತ್ತಾರೆ.