ಕರ್ಮ, ಪುನರ್ಜನ್ಮದ ನಂಬಿಕೆ ಪ್ರಾಚೀನ ಭಾರತದ ಸಮಾಜದ ಮೇಲೆ ಹೇಗೆ ಪ್ರಭಾವ ಬೀರಿತು?

ಅದು ಮೇಲು-ಕೀಳಿನ ವ್ಯವಸ್ಥೆಗೆ ಸಮರ್ಥನೆ ಕೊಟ್ಟಿತು. ಜೊತೆಗೆ ರಾಜದಂಡ ತಲುಪದ ಕಡೆಯೂ ಜನರನ್ನು ಹದ್ದುಬಸ್ತಿನಲ್ಲಿಟ್ಟಿತು.

ನಂಬಿಕೆಯ ತಿರುಳು ಇಷ್ಟೇ: ಮಾಡಿದ್ದರ ಫಲ ತಪ್ಪುವುದಿಲ್ಲ. ಈ ಜನ್ಮದಲ್ಲಿ ಉಣ್ಣದಿದ್ದರೆ ಮುಂದಿನ ಜನ್ಮದಲ್ಲಿ ಉಣ್ಣಬೇಕು. ಈ ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆಯೇ ಮೋಕ್ಷ. ಛಾಂದೋಗ್ಯ ಉಪನಿಷತ್ತು ಇದನ್ನು ನೇರವಾಗಿ ವರ್ಣಕ್ಕೆ ಜೋಡಿಸುತ್ತದೆ: ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ ಅಥವಾ ಚಂಡಾಲರಾಗಿ. ಹೀಗಾದಾಗ ಒಬ್ಬನ ಕಷ್ಟಕ್ಕೆ ಸಮಾಜ ಹೊಣೆಯಲ್ಲ, ಅವನ ಹಿಂದಿನ ಜನ್ಮವೇ ಹೊಣೆ. ಮೇಲಿದ್ದವರಿಗೆ ಇದಕ್ಕಿಂತ ಅನುಕೂಲದ ವಾದ ಸಿಗುವುದು ಕಷ್ಟ.

ಆದರೆ ಅದೇ ಭಯ ಉಳ್ಳವರನ್ನೂ ಕಟ್ಟಿಹಾಕಿತು. ಹಳೆಯ ದಾನಶಾಸನಗಳ ಕೊನೆಯ ಸಾಲುಗಳನ್ನು ಓದಿ ನೋಡಿ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಸಿಗುತ್ತದೆ. ಕೊಟ್ಟ ರಾಜ ಸತ್ತು, ವಂಶವೇ ಬದಲಾದ ಮೇಲೆ ಆ ದಾನವನ್ನು ಕಾಯಲು ಇನ್ಯಾರಿದ್ದರು? (ಶಾಪಕ್ಕೆ ಎಷ್ಟು ಜನ ಹೆದರಿದರೋ, ಅದು ಬೇರೆ ಮಾತು.)

ಅಂದಹಾಗೆ, ಕರ್ಮ ವೈದಿಕರ ಸ್ವತ್ತಷ್ಟೇ ಆಗಿರಲಿಲ್ಲ. ಬುದ್ಧ, ಮಹಾವೀರ ಇಬ್ಬರೂ ಅದನ್ನು ಒಪ್ಪಿದರು. ಹುಟ್ಟಿನಿಂದಲೇ ಬರುವ ಹಿರಿಮೆಯನ್ನು ಮಾತ್ರ ಒಪ್ಪಲಿಲ್ಲ.