ಮೂರು ವರ್ಗ, ಮೂವತ್ತು ಯಾತ್ರಿಕರು

ಓದುಗರ ಪತ್ರದ ಸಾರ: “ಮಾನ್ಯ ಸಂಪಾದಕರೇ, ಎಂ.ಎ. ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್‌ಬರಿ ಟೇಲ್ಸ್’ ಕಾವ್ಯದ ಪೀಠಿಕೆ, ಅಂದರೆ ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರ ಪರಿಚಯದ ಭಾಗ, ಪಾಠ ಮಾಡುತ್ತಿದ್ದೇನೆ. ಮಧ್ಯಯುಗದ ಸಮಾಜದಲ್ಲಿ ಕಾದುವವರು, ಪ್ರಾರ್ಥಿಸುವವರು, ದುಡಿಯುವವರು ಎಂದು ಮೂರೇ ವರ್ಗ ಎನ್ನುತ್ತವೆ ಗೈಡುಗಳು. ಹಾಗಾದರೆ ವ್ಯಾಪಾರಿ, ವೈದ್ಯ, ವಕೀಲ, ಬಾತ್ ಊರಿನ ಹೆಂಗಸು, ಇವರೆಲ್ಲ ಯಾವ ಸಾಲಿಗೆ? ಇನ್ನೊಂದು ತೊಡಕು. ಕವಿ ಸಿಕ್ಕವರನ್ನೆಲ್ಲ ಹೊಗಳುತ್ತಾನೆ. ಅದು ವ್ಯಂಗ್ಯ ಎಂದು ಮಕ್ಕಳಿಗೆ ತೋರಿಸಿಕೊಡುವುದು ಹೇಗೆ?”

ಮಾನ್ಯರೇ,

ನಿಮ್ಮ ಎರಡೂ ಪ್ರಶ್ನೆಗಳಿಗೆ ಬೀಗದ ಕೈ ಒಂದೇ: ಆ ಯಾತ್ರಿಕನ ಕಸುಬು. ವರ್ಗ ಯಾವುದೆಂದು ಹುಡುಕುವ ಮೊದಲು ಅವನ ಕೆಲಸವೇನು, ಕೈಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿ.

ಗೈಡು ಹೇಳುವ ಮೂರರ ಲೆಕ್ಕ ಸುಳ್ಳಲ್ಲ. ಚಾಸರನೂ ಅದನ್ನು ಬಲ್ಲವನೇ. ಮೂರಕ್ಕೂ ಒಬ್ಬೊಬ್ಬ ಕಳಂಕವಿಲ್ಲದ ಮಾದರಿಯನ್ನು ಇಟ್ಟಿದ್ದಾನೆ: ನೈಟ್ (ಕುದುರೆಯೇರಿ ಕಾದುವ ಕುಲೀನ ಯೋಧ), ಹಳ್ಳಿಯ ಪಾದ್ರಿ, ಉಳುವವನು. ಪಾದ್ರಿಯೂ ಉಳುವವನೂ ಒಡಹುಟ್ಟಿದವರು ಎಂದದ್ದೂ ಬೇಕೆಂದೇ. ಆದರೆ ಉಳಿದವರಲ್ಲಿ ಬಹುಪಾಲು ಈ ಮೂರು ಕಂಬಗಳ ನಡುವಿನ ಜಾಗದಲ್ಲಿ ನಿಂತಿದ್ದಾರೆ. 1348–49ರ ಪ್ಲೇಗು ಇಂಗ್ಲೆಂಡಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನರನ್ನು ಒಯ್ದಿತ್ತು. ಆಳು ಸಿಗದೆ ಕೂಲಿ ಏರಿತು. ಕೂಲಿ ಏರದಂತೆ 1351ರಲ್ಲಿ ಒಂದು ಶಾಸನ ಬಂತು. ದುಡ್ಡು ಕಂಡವರು ಮೇಲಿನವರ ಹಾಗೆ ಉಡತೊಡಗಿದಾಗ, ಯಾರು ಯಾವ ಬಟ್ಟೆ ಉಡಬೇಕೆಂದು 1363ರಲ್ಲಿ ಇನ್ನೊಂದು. ಉಳುವವನಿಗೆ 12 ಪೆನ್ನಿ ದರದ ಒರಟು ಉಣ್ಣೆ. ಕೈಕಸುಬಿನವರ ಚಾಕು, ಸೊಂಟಪಟ್ಟಿಗೆ ಬೆಳ್ಳಿ ಕೂಡದು. 500 ಪೌಂಡಿನ ಸರಕುಳ್ಳ ವ್ಯಾಪಾರಿ ವರ್ಷಕ್ಕೆ 100 ಪೌಂಡು ಗೇಣಿ ಬರುವ ಜಮೀನಿನ ಎಸ್ಕ್ವೈರನ (ನೈಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಕುಲೀನ) ಹಾಗೆ ಉಡಬಹುದು. ಅಂದರೆ ಕಾನೂನೇ ಕೂತು ದುಡ್ಡಿಗೂ ಅಂತಸ್ತಿಗೂ ವಿನಿಮಯದ ದರ ಕಟ್ಟಿತು! ಎರಡು ವರ್ಷದೊಳಗೆ ಅದನ್ನು ವಾಪಸು ಪಡೆದರು.

ಈಗ ಪೀಠಿಕೆಯ ಐವರು ಸಂಘದ ಕಸುಬುದಾರರನ್ನು ನೋಡಿ. ಅವರ ಚಾಕುವಿನ ಕಟ್ಟು ಹಿತ್ತಾಳೆಯದ್ದಲ್ಲ, ಪೂರ್ತಿ ಬೆಳ್ಳಿಯದು ಎಂದು ಕವಿ ಒತ್ತಿ ಹೇಳುತ್ತಾನೆ. ಹೆಂಡತಿಯರಿಗೆ ‘ಮದಾಂ’ ಎನಿಸಿಕೊಳ್ಳುವ ಆಸೆ. ಹಿತ್ತಾಳೆ, ಬೆಳ್ಳಿ ಎಂಬ ಎರಡು ಮಾತಿನಲ್ಲಿ ಒಂದು ವರ್ಗ ಮೇಲೇರುವ ಸದ್ದಿದೆ.

ಚಾಸರ್ ತಾನೂ ಈ ನಡುವಿನವನೇ. ದ್ರಾಕ್ಷಾರಸದ ವ್ಯಾಪಾರಿಯ ಮಗ, ಅರಸುಮನೆತನದಲ್ಲಿ ಊಳಿಗದ ಹುಡುಗ, ಫ್ರಾನ್ಸಿನಲ್ಲಿ ಸೆರೆಸಿಕ್ಕ ಸಿಪಾಯಿ, 1374ರಿಂದ 1386ರವರೆಗೆ ಲಂಡನ್ ಬಂದರಿನ ಉಣ್ಣೆ ಸುಂಕದ ಲೆಕ್ಕಾಧಿಕಾರಿ. ಆ ವರ್ಷಗಳಲ್ಲಿ ಅವನ ಮನೆ ಆಲ್ಡ್‌ಗೇಟ್ ಕೋಟೆಬಾಗಿಲ ಮೇಲೆ. 1381ರ ಜೂನ್‌ನಲ್ಲಿ ದಂಗೆಯೆದ್ದ ಎಸೆಕ್ಸ್ ರೈತರು ನಗರದೊಳಕ್ಕೆ ನುಗ್ಗಿದ್ದು ಅದೇ ಬಾಗಿಲಿನಿಂದ. ಇಷ್ಟಾಗಿಯೂ ಪೀಠಿಕೆಯಲ್ಲಿ ಆ ದಂಗೆಯ ಮಾತೇ ಇಲ್ಲ. ಇರುವುದು ಒಂದು ಕ್ಷಮಾಪಣೆ: ಜನರನ್ನು ಅವರವರ ಅಂತಸ್ತಿನ ಕ್ರಮದಲ್ಲಿ ಇಟ್ಟಿಲ್ಲ, ನನ್ನ ಬುದ್ಧಿ ಮೊಟಕು, ಮನ್ನಿಸಿ. ಮೂರು ವರ್ಗದ ಪ್ರಶ್ನೆಗೆ ಕವಿಯ ಉತ್ತರ ಅದೇ ಎಂದು ನಮ್ಮ ಎಣಿಕೆ. ನೈಟ್‌ನಿಂದ ಕ್ರಮವಾಗಿಯೇ ಹೊರಡುವ ಪಟ್ಟಿ ನಡುದಾರಿಯಲ್ಲಿ ಜಾರಿ, ಕೊನೆಗೆ ರೀವ್ (ಜಮೀನಿನ ಕಾರಭಾರಿ), ಗಿರಣಿಯವನು, ಚರ್ಚ್ ಕೋರ್ಟಿನ ಅಮೀನ, ಪಾಪಕ್ಷಮೆಯ ಪತ್ರ ಹೊತ್ತು ತಿರುಗುವವನು, ವಕೀಲರ ಊಟದ ಮನೆಗೆ ಸಾಮಾನು ತರುವವನು, ಈ ಕಿಸೆಗಳ್ಳರ ಗುಂಪಿನ ಬಾಲಕ್ಕೆ ‘ಮತ್ತು ನಾನು’ ಎಂದು ಬಂದು ನಿಲ್ಲುತ್ತದೆ.

‘ಇಡೀ ಇಂಗ್ಲಿಷ್ ಸಮಾಜದ ಕನ್ನಡಿ’ ಎಂಬ ಗೈಡಿನ ಸಾಲನ್ನು ದಯವಿಟ್ಟು ಹೊಡೆದುಹಾಕಿಸಿ. ಇಲ್ಲಿ ಡ್ಯೂಕ್ ಇಲ್ಲ, ಬಿಷಪ್ ಇಲ್ಲ, ಭಿಕ್ಷುಕನಿಲ್ಲ. ಹೆಂಗಸರು ಮೂವರೇ. ಸದರ್ಕ್‌ನ ಟ್ಯಾಬರ್ಡ್ ಛತ್ರದಲ್ಲಿ ತಂಗಿ, ಕುದುರೆಯ ಮೇಲೆ ಹೊರಡಬಲ್ಲವರ ಗುಂಪು ಇದು. ಉಳುವವನಿಗೂ ಒಂದು ಹೆಣ್ಣುಕುದುರೆ ಇದೆ. ಕವಿ ಹೇಳುವ ಸಂಖ್ಯೆ 29. ಸನ್ಯಾಸಿನಿಯ ಜೊತೆಗಿನ ‘ಮೂವರು ಪಾದ್ರಿಗಳನ್ನು’ ಹಾಗೆಯೇ ಎಣಿಸಿದರೆ, ಕವಿಯೂ ಸೇರಿ, 31 ಆಗುತ್ತದೆ. ತರಗತಿಯಲ್ಲಿ ಈ ತಕರಾರು ಬಂದೇ ಬರುತ್ತದೆ, ಹೆದರಬೇಡಿ.

ಇನ್ನು ವ್ಯಂಗ್ಯ. ನಮ್ಮ ಅಲಂಕಾರಶಾಸ್ತ್ರದ ವ್ಯಾಜಸ್ತುತಿ (ಹೊಗಳಿಕೆಯ ನೆಪದ ತೆಗಳಿಕೆ) ವಿದ್ಯಾರ್ಥಿಗಳಿಗೆ ಗೊತ್ತಿದ್ದರೆ ಅಲ್ಲಿಂದಲೇ ಶುರುಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ವ್ಯಾಜಸ್ತುತಿಯಲ್ಲಿ ಹೊಗಳುವವನಿಗೆ ತಾನು ತೆಗಳುತ್ತಿದ್ದೇನೆಂದು ಗೊತ್ತು. ಇಲ್ಲಿ ಕಥೆ ಹೇಳುವ ಯಾತ್ರಿಕ ಚಾಸರ್ ನಿಜಕ್ಕೂ ಮೆಚ್ಚಿಕೊಂಡವನಂತೆ ಮಾತಾಡುತ್ತಾನೆ. ಲೆಕ್ಕ ಹಾಕುವ ಕೆಲಸ ಓದುಗನದು.

ಮಠದ ಸನ್ಯಾಸಿಯನ್ನೇ ತೆಗೆದುಕೊಳ್ಳಿ. ಮೊದಲು ಕರ್ತವ್ಯ: ಬೆನೆಡಿಕ್ಟನ ನಿಯಮದಂತೆ ಮಠದೊಳಗೇ ಇದ್ದು ಪ್ರಾರ್ಥನೆ, ಓದು, ಮೈಮುರಿದು ದುಡಿಮೆ. ಆಮೇಲೆ ಕಣ್ಣಿಗೆ ಬೀಳುವ ವಸ್ತು: ತೋಳಿನ ಅಂಚಿಗೆ ಬೂದುಬಣ್ಣದ ಅಳಿಲಿನ ತುಪ್ಪಳ, ಗದ್ದದ ಕೆಳಗೆ ಬಂಗಾರದ ಪಿನ್ನು, ಲಾಯದ ತುಂಬ ಕುದುರೆ, ಮೊಲ ಅಟ್ಟುವ ಬೇಟೆನಾಯಿ. ಮೂರನೆಯದು, ಮಕ್ಕಳು ಎಡವುವ ಜಾಗ, ದನಿ. ‘ಅವನ ಅಭಿಪ್ರಾಯ ಸರಿ ಎಂದೆ ನಾನು’ ಎನ್ನುತ್ತಾನೆ ನಿರೂಪಕ. ಮಠದಲ್ಲಿ ಕೂತು ಪುಸ್ತಕ ಓದಿ ತಲೆ ಕೆಡಿಸಿಕೊಳ್ಳುವುದೇಕೆ, ಕೈಯಾರೆ ದುಡಿಯುವುದೇಕೆ ಎಂದು ಮುಂದೆ ಬರುವ ಪ್ರಶ್ನೆಗಳು ಯಾರವು? ಉದ್ಧರಣ ಚಿಹ್ನೆ ಇಲ್ಲದಿದ್ದರೂ ದನಿ ಸನ್ಯಾಸಿಯದೇ. ಆ ಸಾಲುಗಳನ್ನು ಒಬ್ಬ ಹುಡುಗನಿಂದ ಸನ್ಯಾಸಿಯಾಗಿ ಗಟ್ಟಿಯಾಗಿ ಓದಿಸಿ, ‘ಸರಿ ಎಂದೆ’ ಎಂಬುದನ್ನು ಇನ್ನೊಬ್ಬನಿಂದ ಹೇಳಿಸಿ. ಅರ್ಧ ಪಾಠ ಅಲ್ಲೇ ಮುಗಿಯಿತು.

ಒಂದೇ ಪದದ ಬೆನ್ನು ಹತ್ತುವುದೂ ಒಳ್ಳೆಯ ದಾರಿ. ‘ವರ್ದಿ’, ಅಂದರೆ ಯೋಗ್ಯ, ಎಂಬ ಮಾತು ನೈಟ್‌ನ 36 ಸಾಲುಗಳಲ್ಲಿ ತನ್ನ ರೂಪಭೇದವೂ ಸೇರಿ ಐದು ಸಲ ಬರುತ್ತದೆ, ಹದಿನೈದು ಘೋರ ಯುದ್ಧ ಕಂಡವನಿಗೆ ಒಪ್ಪುವಂತೆ. ಮುಂದೆ ಅದೇ ಮಾತು ವಿಧವೆಯ ಕೊನೆಯ ಕಾಸನ್ನೂ ಬಿಡದ ಭಿಕ್ಷಾಟನೆಯ ಫ್ರಯರನಿಗೆ, ವ್ಯಾಪಾರಿಗೆ, ಊಟದ ಮೇಜನ್ನು ಎತ್ತಿಡದ ಜಮೀನುದಾರನಿಗೆ, ಚರ್ಚಿನ ಬಾಗಿಲಲ್ಲಿ ಐದು ಮದುವೆಯಾದ ಬಾತ್ ಊರಿನ ಹೆಂಗಸಿಗೆ. ಸವೆದ ನಾಣ್ಯದಂತೆ ಪದದ ಬೆಲೆ ಇಳಿಯುತ್ತ ಹೋಗುತ್ತದೆ. ಆಧುನಿಕ ಇಂಗ್ಲಿಷ್ ಅನುವಾದಗಳಲ್ಲಿ ಒಂದೊಂದು ಕಡೆ ಒಂದೊಂದು ಪದ ಹಾಕಿರುವುದುಂಟು. ಆದ್ದರಿಂದ ಈ ಅಭ್ಯಾಸಕ್ಕೆ ಮೂಲ ಪಠ್ಯವೇ ಬೇಕು.

ವ್ಯಾಪಾರಿಯ ಚಿತ್ರ ಚಿಕ್ಕದು, ಆದರೆ ಕಾಲನಿರ್ಣಯಕ್ಕೆ ಒದಗುವಂಥದು. ಮಿಡಲ್‌ಬರ್ಗ್ (ಇಂದಿನ ನೆದರ್‌ಲ್ಯಾಂಡ್ಸ್‌ನ ಬಂದರು) ಮತ್ತು ಇಂಗ್ಲೆಂಡಿನ ಓರ್ವೆಲ್ ನಡುವಿನ ಸಮುದ್ರಕ್ಕೆ ಕಾವಲು ಬೇಕೆಂಬುದು ಅವನ ಹಂಬಲ. ಇಂಗ್ಲಿಷ್ ಉಣ್ಣೆಯ ಅಧಿಕೃತ ಪೇಟೆ ಮಿಡಲ್‌ಬರ್ಗಿನಲ್ಲಿದ್ದದ್ದು 1384ರಿಂದ 1388ರವರೆಗೆ. ಉಣ್ಣೆಯ ಸುಂಕ ಬರೆದ ಕೈ ಇದು, ಇಂಥ ವಿವರದಲ್ಲಿ ತಪ್ಪಲಾರದು.

ಬಾತ್‌ನವಳನ್ನು ವರ್ಗದಲ್ಲಿ ಕೂರಿಸುವುದು ಯಾಕೆ ಕಷ್ಟ ಗೊತ್ತೇ? ಆ ಕಾಲದ ಬರಹ ಹೆಂಗಸರನ್ನು ಕನ್ಯೆ, ಹೆಂಡತಿ, ವಿಧವೆ ಎಂದು ವಿಂಗಡಿಸುತ್ತಿತ್ತು, ಕಸುಬಿನಿಂದಲ್ಲ. ಇವಳಿಗೋ ಎರಡೂ ಇದೆ. ನೇಯ್ಗೆಯಲ್ಲಿ, ಬಟ್ಟೆಗೆ ಹೆಸರಾದ ಈಪ್ರ್, ಘೆಂಟ್ ಊರಿನವರನ್ನು ಮೀರಿಸಿದ ಕೈ. ಭಾನುವಾರ ತಲೆಗೆ ಸುತ್ತುವ ಬಟ್ಟೆಯ ತೂಕ ಹತ್ತು ಪೌಂಡು ಇದ್ದೀತು ಎನ್ನುತ್ತಾನೆ ಕವಿ. ಕಾಣಿಕೆ ಒಪ್ಪಿಸಲು ಬೇರೆ ಯಾವ ಹೆಂಗಸಾದರೂ ಮುಂದೆ ಹೋದರೆ ಇವಳ ದಯೆ ಧರ್ಮವೆಲ್ಲ ಮಾಯ. ದಯೆಯ ಕಾಣಿಕೆ ಒಪ್ಪಿಸುವ ಸಾಲಿನಲ್ಲೇ ಜಗಳ!

ಅಮೀನನ ವಿಷಯದಲ್ಲಿ ಮಕ್ಕಳು ಮುಖದ ಮೊಡವೆ, ಬೆಳ್ಳುಳ್ಳಿ, ಈರುಳ್ಳಿ ಪಟ್ಟಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ಪಾದರಸ, ಗಂಧಕ, ಬೋರಾಕ್ಸ್ ಯಾವುದಕ್ಕೂ ಆ ಮೊಡವೆ ಬಗ್ಗಲಿಲ್ಲ ಎಂಬುದಷ್ಟೇ ಮುಖ್ಯವಲ್ಲ. ಒಂದು ಕ್ವಾರ್ಟ್ ದ್ರಾಕ್ಷಾರಸ ಕೊಟ್ಟರೆ ಒಬ್ಬನಿಗೆ ಹನ್ನೆರಡು ತಿಂಗಳು ಸೂಳೆಯನ್ನು ಇಟ್ಟುಕೊಳ್ಳಲು ಬಿಡುತ್ತಿದ್ದ. ಅಳತೆ, ಅವಧಿ ಎರಡೂ ಇರುವ ಲಂಚದ ದರಪಟ್ಟಿ ಅದು. ಅಂಕ ಸಿಗಬೇಕಾದದ್ದು ಅದಕ್ಕೆ.

ಹಳ್ಳಿಯ ಪಾದ್ರಿಯನ್ನು ‘ಆದರ್ಶ ಪಾತ್ರ’ ಎಂದು ಬರೆದು ದಾಟಿಬಿಡುವವರೇ ಹೆಚ್ಚು. ಅವನ 52 ಸಾಲುಗಳಲ್ಲಿ ‘ಇಲ್ಲ’ಗಳನ್ನು ಎಣಿಸಲು ಹೇಳಿ. ಚರ್ಚಿಗೆ ಸಲ್ಲುವ ಹತ್ತನೇ ಒಂದು ಪಾಲಿಗಾಗಿ ಬಡವರಿಗೆ ಬಹಿಷ್ಕಾರ ಹಾಕಲಿಲ್ಲ. ಮಳೆ ಗುಡುಗೆಂದು ದೂರದ ಮನೆಗೆ ಹೋಗುವುದನ್ನು ಬಿಡಲಿಲ್ಲ. ತನ್ನ ಹುದ್ದೆಯನ್ನು ಬಾಡಿಗೆಗೆ ಕೊಟ್ಟು, ಕುರಿಗಳನ್ನು ಕೆಸರಲ್ಲಿ ಬಿಟ್ಟು, ಲಂಡನ್ನಿನ ಸೇಂಟ್ ಪಾಲ್ಸ್‌ಗೆ ಓಡಲಿಲ್ಲ. ಇವನು ಮಾಡದ್ದೆಲ್ಲ ಉಳಿದವರು ಮಾಡುತ್ತಿದ್ದದ್ದು. ಪೀಠಿಕೆಯ ಅತಿ ಖಾರದ ವಿಡಂಬನೆ ಅಡಗಿರುವುದು ಈ ಸಾಧುವಿನ ಚಿತ್ರದಲ್ಲೇ.

ಕೊನೆಗೆ ಪರೀಕ್ಷೆಯ ಮಾತು. ಹತ್ತು ಅಂಕದ ಉತ್ತರಕ್ಕೆ ಒಂದು ಕರ್ತವ್ಯ, ಎರಡು ವಸ್ತು, ದನಿ ಬದಲಾಗುವ ಒಂದು ಸಾಲು ಸಾಕು. ಯಾತ್ರಿಕರ ಪೂರ್ತಿ ಪಟ್ಟಿ ಬೇಡ. ಹೆಸರುಗಳ ಬಗ್ಗೆ ಮೊದಲ ದಿನವೇ ಎಚ್ಚರಿಸಿ: ಆಕ್ಸ್‌ಫರ್ಡಿನ ‘ಕ್ಲರ್ಕ್’ ಕಚೇರಿಯ ಗುಮಾಸ್ತನಲ್ಲ, ತಲೆದೆಸೆಯಲ್ಲಿ ಇಪ್ಪತ್ತು ಪುಸ್ತಕವಿದ್ದರೆ ಸಾಕೆನ್ನುವ ಬಡ ವಿದ್ವಾಂಸ, ‘ಸಾರ್ಜೆಂಟ್ ಆಫ್ ಲಾ’ ಪೊಲೀಸನಲ್ಲ, ಅತಿ ಹಿರಿಯ ದರ್ಜೆಯ ವಕೀಲ.

— ಸಂಪಾದಕ